ಕೆನ್ನೆಯ ಹಸಿರು

ಕೆಂಪು ಅಲ್ಲಿ, ಹೆಂಚಿನ ಅಂಚಿನಲ್ಲಿ, ಒಂದು ಚೂರು ಕೆಂಪು ಮಿನುಗುತ್ತಿದೆ, ಇರಲಿ, ಅದು ಆಕಾಶ, ಸುಟ್ಟರೆ ಸುಡಲಿ, ಈ ಕಥೆಯಲ್ಲಿ ಆಕಾಶವನ್ನು ಯಾರೂ ನೋಡುವುದಿಲ್ಲ, ಅದರ ಕೆಳಗೆ ಹಳದಿ, ಅಂಗಳದಲ್ಲಿ ಒಡೆದು ಹರವಿದ ಕೊಬ್ಬರಿಯ ಒಳಮೈಯೆಲ್ಲ ಬಿಸಿಲಿಗೆ ಹಳದಿಯಾಗಿ ಕೂತಿದೆ, ಲೆನ್ಸಿನ ಐರಿಸ್, ಬೆಳಕು ಬಿಡುವ ಕಿಂಡಿ, ಇನ್ನೊಂದು ಕೂದಲೆಳೆ ತೆರೆದರೆ ಅದೂ ಕೆಂಪಾಗುತ್ತದೆ, ಕೆಂಪಾದದ್ದು ಹೋಯಿತು ಎಂದೇ ಲೆಕ್ಕ, ಆಮೇಲೆ ಯಾವ ಕಂಪ್ಯೂಟರಿನ ಮುಂದೆ ಕೂತು ತಿಣುಕಿದರೂ ಅಲ್ಲಿ ಏನೂ ಇರುವುದಿಲ್ಲ, ಬರೀ ಬಿಳಿ, ಬಾಗಿಲ ಮೂಲೆಯಲ್ಲಿ ನೇರಳೆ, ಅದು ಇನ್ನೊಂದು ತುದಿ, ಬರೀ ಕತ್ತಲು, ಕಂಬದ ಮಗ್ಗುಲಿಗೆ ನೀಲಿ, ಮತ್ತೆ ಹಸಿರು — ಹಸಿರು ಎಲ್ಲೂ ಇಲ್ಲ, ಹಸಿರು ಬರಬೇಕಾದ ಜಾಗದಲ್ಲಿ ಖಾಲಿ ಸ್ಟೂಲು, ಮುಖ ಇನ್ನೂ ಬಂದಿಲ್ಲ. ಕನಕರಾಜ್ ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಕ್ಯಾಮೆರಾದ ಮಾನಿಟರಿಗೆ ಬಗ್ಗಿದ್ದಾನೆ, ಬಟ್ಟೆಯೊಳಗೆ ಅವನದೇ ಉಸಿರಿನ ಬಿಸಿ, ಹೊರಗೆ ಮತ್ತೋಡಿನ ಏರುಬಿಸಿಲು, ನಿರ್ದೇಶಕ ಪರಮೇಶನ ಚಪ್ಪಲಿಯ ಸದ್ದು ಹಿಂದಕ್ಕೂ ಮುಂದಕ್ಕೂ, ಏನ್ ಕನಕಣ್ಣ, ಬಿಸ್ಲು ಗೋಡೆ ದಾಟಿದ್ಮೇಲೆ ಕೊಡ್ತೀಯೇನಪ್ಪ ಫ್ರೇಮು, ಪಡಸಾಲೆ ಕತ್ಲಾದ್ಮೇಲೆ ನಾನೇನ್ ತಗೀಲಿ, ಬಾವಲಿ ಪಿಚ್ಚರ್ ತಗೀಲಾ. ತಡಿಯಪ್ಪ, ಮೊದ್ಲು ಮುಖ ಕೊಡು ನನಗೆ, ಎಂದು ಬಟ್ಟೆಯೊಳಗಿಂದಲೇ ಹೇಳಿದ, ಮುಖ ಕೊಡು — ಈ ಮಾತನ್ನು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ಯಮುನಾ, ಸೊಲ್ಪ ಮುಖ ಕೊಡು ಬಾರೇ, ಒಲೆ ಮೇಲೆ ಸಾರೈತ್ರಿ, ಸಾರು ಎಲ್ಲೂ ಓಡೋಗಲ್ಲ ಬಾ, ಹುರುಳಿ ಸಾರಿನ ವಾಸನೆ ಮೂಗಿಗೆ ಬಂದೇ ಬಿಟ್ಟಿತು, ಇಲ್ಲಿ, ಈ ಬಟ್ಟೆಯೊಳಗೆ, ಅವಳು ಹೋಗಿ ವರ್ಷ ತುಂಬಿದ ಮೇಲೆ. ಮೊನ್ನೆ ಹೊಳಲ್ಕೆರೆಯಲ್ಲಿ ಅವಳ ತವರುಮನೆಯಲ್ಲಿ ವರ್ಷದ ಪೂಜೆ ಮಾಡಿ ಎಡೆ ಇಟ್ಟರು, ಅವನು ಹೆಂಡತಿಯ ಫೋಟೊದ ಮುಂದೆ ಕೂತು ಫೋಟೊ ತೆಗೆದವನು ಬೆಳಕು ಅರ್ಧ ಸ್ಟಾಪ್ ಹೆಚ್ಚು ಕೊಟ್ಟಿದ್ದಾನೆ ಎಂದು ಯೋಚಿಸುತ್ತಿದ್ದ, ಎಂಥ ಮನುಷ್ಯ. ಮನೇಲಿ ಯಾರೂ ಇವರ ಮುಖ ನೋಡ್ತಿರ್ಲಿಲ್ವೇನ್ರಿ — ಅದು ಆಸ್ಪತ್ರೆಯ ಡಾಕ್ಟರಮ್ಮನ ಧ್ವನಿ, ಅದಕ್ಕೆ ಹೊತ್ತಿಲ್ಲ ಗೊತ್ತಿಲ್ಲ, ಯಾವಾಗ ಬೇಕಾದರೂ ಬರುತ್ತದೆ, ಅದರ ಬೆನ್ನಿಗೇ ಅತ್ತೆ ಓಬವ್ವನ ಧ್ವನಿ, ದಿನಾ ನೋಡೋರಿಗೆ ಗೊತ್ತಾಗಲ್ಲಪ್ಪ, ನೀನಾದ್ರೂ ಏನ್ ಮಾಡ್ತೀಯ, ಒಂದು ಇರಿಯುತ್ತದೆ, ಇನ್ನೊಂದು ಸವರುತ್ತದೆ, ಆ ಎರಡರ ನಡುವೆ ಅವನ ಈ ಒಂದು ವರ್ಷ ಕಳೆದಿದೆ.

ಯಾರೋ ಬಟ್ಟೆಯ ಅಂಚೆತ್ತಿದರು, ಬೆಳಕು ನುಗ್ಗಿ ಮಾನಿಟರು ಮಸುಕಾಯಿತು, ಈ ಮನೆಯ ಯಜಮಾನಿ ಏಕನಾಥಮ್ಮ, ಕೈಯಲ್ಲಿ ಮಜ್ಜಿಗೆ ಲೋಟ, ಕುಡೀರಿ ಅಂತ ಬಂದೆ, ಅಯ್ಯೋ ಶಿವನೇ, ನಿಮ್ ಟಿವಿ ಬಣ್ಣೆಲ್ಲ ಕೆಟ್ಟೋಗೈತಲ್ಲಪ್ಪ. ಕೆಟ್ಟಿಲ್ಲಮ್ಮ, ಇದು ಬಣ್ಣ ಅಲ್ಲ, ಅಳತೆ, ಎಲ್ಲಿ ಎಷ್ಟು ಬೆಳಕೈತೆ ಅಂತ ತೋರ್ಸುತ್ತೆ, ಫಾಲ್ಸ್ ಕಲರ್ ಅಂತಾರೆ. ಏನೋಪ್ಪ, ನಮ್ಮನೆ ಜಾತ್ರೆ ಬಲೂನ್ ಇದ್ದಂಗೆ ಕಾಣ್ತೈತೆ, ನನ್ ಮೊಕ ಹೆಂಗೆ ಕಾಣ್ತೈತೆ ಇದ್ರಾಗೆ, ಎಂದು ಲೋಟ ಅವನ ಕೈಗಿಟ್ಟು ಸರಸರ ಹೋಗಿ ಸ್ಟೂಲಿನ ಹಿಂದೆ ನಿಂತೇಬಿಟ್ಟಳು, ಹಣೆ ಹಸಿರು, ಕೆನ್ನೆ ಹಸಿರು, ಮೂಗಿನ ತುದಿ ಹಸಿರು, ನೋಡು ಪರಮೇಶಿ, ಆಯಮ್ಮ ಸರಿಯಾಗಿ ಅವಳೆ, ನಿನ್ ಹೀರೋಯಿನ್ನೇ ಬಂದಿಲ್ಲ, ಎಂದು ಅವನು ಅಂದರೆ ಏಕನಾಥಮ್ಮ ಮತ್ತೆ ಬಂದು ಇಣುಕುವಷ್ಟರಲ್ಲಿ ಮುಖ ಫ್ರೇಮಿನಿಂದ ಹೋಗಿರುತ್ತದೆ, ಎಲ್ಲೈತಪ್ಪ ನನ್ ಮೊಕ, ನೀವು ಇಲ್ಲಿಗೆ ಬಂದ್ರೆ ಅಲ್ಲೆಂಗಿರುತ್ತಮ್ಮ, ಪರಮೇಶ ನಕ್ಕ, ಅವಳೂ ನಕ್ಕಳು, ಮಜ್ಜಿಗೆಯಲ್ಲಿ ಇಂಗು ಜಾಸ್ತಿ. ಹಸಿರು ಎಂದರೆ ನಡು, ಕತ್ತಲಿಗೂ ಬೆಳಕಿಗೂ ಸರಿಯಾದ ನಡು, ಈ ಸೀಮೆಯ ಬಿಸಿಲಲ್ಲಿ ಕುರಿ ಕಾದವರ, ಹೊಲ ಉತ್ತವರ, ಕೊಬ್ಬರಿ ಒಣಗಿಸಿದವರ ಚರ್ಮವೆಲ್ಲ ಅಲ್ಲೇ ಬಂದು ನಿಲ್ಲುತ್ತದೆ, ಅದರ ಮೇಲಿನದು ಗುಲಾಬಿ, ಗುಲಾಬಿಯನ್ನು ಬಿಳಿ ಚರ್ಮದವರಿಗೆಂದು ಕಂಪನಿಯವರು ಇಟ್ಟದ್ದು, ಹಸಿರಿಗೂ ಗುಲಾಬಿಗೂ ನಡುವೆ ಒಂದು ಎಳೆ ಬೂದು, ಒಟ್ಟು ಒಂದೇ ಒಂದು ಸ್ಟಾಪ್, ಬೆಳಕು ಇಮ್ಮಡಿಯಾಗುವಷ್ಟು, ಆ ಒಂದು ಸ್ಟಾಪಿನಲ್ಲೇ ಅವನ ಅರ್ಧ ಆಯುಷ್ಯದ ಜಗಳ. ಹಿರಿಯೂರಿನ ಕೆಂಚಣ್ಣನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಕಲಿಯುವಾಗ ಕೆಂಚಣ್ಣ ಬೆನ್ನ ಹಿಂದೆ ನಿಂತು ಭುಜ ಚಿವುಟುತ್ತಿದ್ದ, ಐರಿಸ್ ತೆಗಿಲೇ, ಇನ್ನೂ ತೆಗಿ, ಹುಡುಗೀನ ಬೆಳ್ಳಗೆ ಮಾಡು, ಇಂಥದ್ದನ್ನ ತಗಂಡೋದ್ರೆ ಬೀಗರು ನಮ್ಮ ಮಖದ ಮೇಲೆ ಸೀಡಿ ಎಸೀತಾರೆ, ಎಲ್ಲ ಸ್ಟುಡಿಯೋದವರೂ ಮಾಡುತ್ತಿದ್ದುದು ಅದೇ, ಮದುವಣಗಿತ್ತಿಗೆ ಒಂದು ಸ್ಟಾಪ್ ಹೆಚ್ಚು, ಅದು ಮುಯ್ಯಿ ಇದ್ದ ಹಾಗೆ, ಯಾರೂ ಕೇಳುವುದಿಲ್ಲ, ಕೊಡದಿದ್ದರೆ ಮಾತ್ರ ಕೇಳುತ್ತಾರೆ, ಹಣೆಯ ವಿಭೂತಿ ಎಲ್ಲಿ ಮುಗಿಯಿತು ಹಣೆ ಎಲ್ಲಿ ಶುರುವಾಯಿತು ತಿಳಿಯದಷ್ಟು ಬಿಳಿ, ಜರಿಯ ಅಂಚು ಸುಟ್ಟು ಬೂದಿ. ಹೊಳಲ್ಕೆರೆಯ ಒಂದು ಮದುವೆಯ ವಿಡಿಯೋ ಕೊಡಲು ಹೋದಾಗ ಮದುಮಗಳ ತಂಗಿ ಟೀವಿ ಮುಂದೆ ನಿಂತು ಸೊಂಟಕ್ಕೆ ಕೈ ಕೊಟ್ಟು ಕೇಳಿದಳು, ರೀ ಇವರೇ, ನಮ್ಮಕ್ಕನ್ನ ವಿಡಿಯೋ ಮಾಡಿದ್ರಾ ಸುಣ್ಣ ಬಳಿದ್ರಾ, ಮನೆ ಮಂದಿಯೆಲ್ಲ ಗೊಳ್ಳೆಂದರು, ಅವನು ತಲೆ ತಗ್ಗಿಸಿದ, ತಗ್ಗಿಸಿದ ತಲೆ ಎತ್ತಿ ನೋಡಿದರೆ ಆ ಮುಖ, ಕಪ್ಪು ಅನ್ನಬಾರದು, ಎಣ್ಣೆಗೆಂಪು ಅನ್ನಬಾರದು, ನೆನೆದ ಹುಣಸೆಯ ಬಣ್ಣ, ಅದರ ಮೇಲೆ ಹಲ್ಲು ಕಾಣುವ ನಗು, ಅದೇ ಯಮುನಾ. ಆವತ್ತು ಬಸ್ಸಿನಲ್ಲಿ ಹಿರಿಯೂರಿಗೆ ವಾಪಸಾಗುತ್ತ ತೀರ್ಮಾನ ಮಾಡಿದ, ಇನ್ನು ಯಾರನ್ನೂ ಬೆಳ್ಳಗೆ ಮಾಡಲ್ಲ, ಯಾರ ಬಣ್ಣ ಯಾವುದೋ ಅದೇ, ಕೆಂಚಣ್ಣನ ಜೊತೆ ಜಗಳವಾಯಿತು, ದೊಡ್ಡ ಮನ್ಷ ಆಗ್ಬುಟ್ಟ ನೋಡ್ರಪ್ಪ, ಕರೀ ಪಿಚ್ಚರ್ ತಗೀತಾನಂತೆ, ಸ್ಟುಡಿಯೋ ಬಿಟ್ಟ, ದುರ್ಗಕ್ಕೆ ಬಂದ, ಸಣ್ಣ ಸಣ್ಣ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದ, ಮುಖವನ್ನು ಇದ್ದ ಹಾಗೆ ತೋರಿಸುವವನು ಎಂದು ಹೆಸರು ಬಂತು, ಆ ಹೆಸರೇ —

ಸರ್, ಬಂದೆ ಸರ್, ಸೀರೆ ನೆರಿಗೆ ಬಿಚ್ಚೋಗಿತ್ತು, ಪಲ್ಲವಿ ಎಂಬ ಹುಡುಗಿ, ನಾಟಕ ಮಾಡಿಕೊಂಡಿದ್ದವಳು, ಇದು ಮೊದಲ ಸಿನಿಮಾ, ಸ್ಟೂಲಿನ ಮೇಲೆ ಕೂತಳು, ಕೂತ ಕೂಡಲೆ ಎದೆ ಸೆಟೆಸಿದಳು, ಆರಾಮಾಗಿ ಕುಂತ್ಕಳಮ್ಮ, ಇನ್ನೂ ತಗೀತಿಲ್ಲ, ಅವನು ಮುಖ ನೋಡಲಿಲ್ಲ, ಮಾನಿಟರು ನೋಡಿದ, ಎಡಗೆನ್ನೆ ಹಸಿರು ದಾಟಿ ಬೂದುಬಣ್ಣಕ್ಕೆ ಹೋಗಿದೆ, ಅಂಗಳದ ಕೊಬ್ಬರಿಯಿಂದ ಬೆಳಕು ಪುಟಿದು ಬರುತ್ತಿದೆ, ಸ್ಟೂಲು ಅರ್ಧ ಅಡಿ ಒಳಗೆ ತಗಳಮ್ಮ. ಸ್ಟೂಲು. ದುರ್ಗದ ಬಾಡಿಗೆ ಮನೆಯ ನಡುಮನೆಯಲ್ಲಿ ಸ್ಟೂಲಿನ ಕಾಲಿಗೆ ನೆಲದಲ್ಲಿ ಟೇಪು ಅಂಟಿಸಿದ ಗುರುತು ಇತ್ತು, ಈಗಲೂ ಇದೆ, ಅದರ ಮೇಲೆ ಕಾಲಿಡದೆ ಸುತ್ತು ಹಾಕಿ ಅಡುಗೆಮನೆಗೆ ಹೋಗುತ್ತಾನೆ, ಪ್ರತಿ ಕೆಲಸಕ್ಕೂ ಬೆಂಗಳೂರಿನಿಂದ ಬಾಡಿಗೆಗೆ ಬರುವುದು ಬೇರೆ ಕ್ಯಾಮೆರಾ, ಬೇರೆ ಲೆನ್ಸು, ಹೋದ ಸಲದ ಐರಿಸ್ ಅಂಕಿ ಈ ಸಲಕ್ಕೆ ಬರುವುದಿಲ್ಲ, ಅದಕ್ಕೆ ಹೊರಡುವ ಹಿಂದಿನ ದಿನ ಕಿಟಕಿ ಮುಚ್ಚಿ, ಅದೇ ಲೈಟು, ಅದೇ ದೂರ, ಹಿಂದೆ ಅಪ್ಪನ ಕರಿ ಕಂಬಳಿ ಇಳಿಬಿಟ್ಟು, ಮುಂದೆ ಸ್ಟೂಲಿನ ಮೇಲೆ ಯಮುನಾ, ನೈಟಿಯ ಮೇಲೊಂದು ಟವಲು ಹೊದ್ದು, ಗಲ್ಲದ ಕೆಳಗೆ ಬೂದು ಬಣ್ಣದ ಕಾರ್ಡು ಹಿಡಿದು, ಗ್ರೇ ಕಾರ್ಡು, ಅದು ಹಸಿರಾಗುವವರೆಗೆ ಐರಿಸ್ ತಿರುಗಿಸಿದರೆ ಬೆಳಕು ಸರಿಯಾಯಿತು ಎಂದರ್ಥ, ಜಗತ್ತಿನ ಎಲ್ಲ ಕ್ಯಾಮೆರಾಮನ್ನರೂ ಹಾಗೇ ಮಾಡುತ್ತಾರೆ. ಮೊದಲ ಸಲ ಹಾಗೆ ಮಾಡಿದಾಗ ಕಾರ್ಡು ಹಸಿರಾದ ಕ್ಷಣದಲ್ಲೇ ಅವಳ ಕೆನ್ನೆಯೂ ಹಸಿರಾಯಿತು, ಅದೇ ಹಸಿರು, ಕಾರ್ಡು ಎಲ್ಲಿ ಮುಗಿದು ಮುಖ ಎಲ್ಲಿ ಶುರುವಾಯಿತು ತಿಳಿಯದ ಹಾಗೆ, ಅವನು ಚಪ್ಪಾಳೆ ತಟ್ಟಿದ, ಲೇ ಯಮುನಾ, ನಿನ್ ಕೆನ್ನೆ ಅಂದ್ರೆ ಕಂಪನಿ ಕಾರ್ಡು ಕಣೇ, ಇನ್ಮೇಲೆ ಈ ರಟ್ಟು ಯಾಕೆ. ಕೆನ್ನೆ ತಗಂಡೋಗಿ ಶೂಟಿಂಗಲ್ಲಿ ಹಿಡೀರಿ ಮತ್ತೆ, ನಾನು ಮನ್ಯಾಗೆ ಬರೀ ಬಾಯಿ ಇಟ್ಕಂಡಿರ್ತೀನಿ, ಬೈಯಾಕೆ ಬೇಕಲ್ಲ. ಆವತ್ತಿನಿಂದ ಅದೇ ರೂಢಿ, ಮೊದಲು ಕೆನ್ನೆಯನ್ನು ಹಸಿರಿಗೆ ತರುವುದು, ಆಮೇಲೆ ಕಾರ್ಡಿನ ಕಡೆ ಒಂದು ನೋಟ, ಎರಡೂ ಒಂದೇ, ಸರಿ, ಏಳು, ಸಾರು ಇಳಿಸು. ಹೀರೋಯಿನ್‌ಗಳ ಟೆಸ್ಟ್ ತುಣುಕುಗಳನ್ನು ತೋರಿಸಿದರೆ ತುಟಿ ಉಬ್ಬಿಸುತ್ತಿದ್ದಳು, ಅವರಿಗೆ ಗುಲಾಬಿ, ನನಗೆ ಮಾತ್ರ ಹಸ್ರು, ಗಿಳಿ ಇದ್ದಂಗೆ, ಅವನು ಹೇಳುತ್ತಿದ್ದ, ಅದು ಮೇಕಪ್ಪು, ನಿನ್ನದು ಬಣ್ಣ, ಹೇಳುವಾಗ ಮಾನಿಟರನ್ನೇ ನೋಡುತ್ತಿದ್ದ, ಅವಳ ನಗುವೂ ಅಲ್ಲಿಯೇ ಕಾಣುತ್ತಿತ್ತು, ಹಸಿರಿನೊಳಗೆ ಹಳದಿ ಹಲ್ಲು, ಅವಳ ಆ ಟೆಸ್ಟ್ ತುಣುಕುಗಳಲ್ಲಿ ಒಂದೂ ಉಳಿದಿಲ್ಲ, ಟೆಸ್ಟನ್ನು ಯಾರು ಉಳಿಸಿಕೊಳ್ಳುತ್ತಾರೆ, ಕೆಲಸಕ್ಕೆ ಜಾಗ ಬೇಕು, ಅವಳೇ ಕೇಳುತ್ತಿದ್ದಳು, ಅಳಿಸಿದ್ರಾ ನನ್ನ, ಅಳಿಸ್ದೆ, ಸರಿ ಬಿಡ್ರಿ.

ಯಾವಾಗ ಶುರುವಾಯಿತು. ಅವಳು ಅಕ್ಕಿ ಡಬ್ಬಿಗೆ ಕೈ ಹಾಕಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದದ್ದು ಯಾವಾಗ, ಕಟಕಟ ಎಂದು ಇಡೀ ದಿನ, ಏನೇ ಇದು ಇಲಿ ಹೊಕ್ಕಂಗೆ, ಬಾಯಿಗೆ ಏನೋ ಬೇಕು ಅನ್ಸುತ್ರಿ, ಮಹಡಿ ಮೆಟ್ಟಿಲ ನಡುವೆ ಕೂತು ನೀರಿನ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಬೀದಿ ನೋಡುತ್ತಿದ್ದದ್ದು, ಕುಂತ್ಕಂಡಿದೀನಿ ಅಷ್ಟೇ, ಗಾಳಿ ಚೆನಾಗೈತೆ, ತಿಂಗಳು ತಿಂಗಳೂ ಮುಗಿಯದೆ ಹರಿಯುತ್ತಿದ್ದ ರಕ್ತದ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ, ಯಾರಿಗೂ ಹೇಳಲಿಲ್ಲ, ಹಿತ್ತಲಲ್ಲಿ ಒಣಗುವ ಬಟ್ಟೆಗಳ ಮೇಲೆ ಇನ್ನೊಂದು ಬಟ್ಟೆ ಹೊದಿಸುತ್ತಿದ್ದಳು, ಅವನು ಶೂಟಿಂಗಿನಿಂದ ಶೂಟಿಂಗಿಗೆ ಹೋಗುತ್ತಿದ್ದ. ಪಕ್ಕದ ಮನೆಯವರು ಹೇಳಿದರು, ಯಮುನಾ ಏನ್ ಹಚ್ತೀಯೇ, ಈಗೀಗ ಬೆಳ್ಳಗಾಗ್ತಿದೀಯಲ್ಲ, ತವರಿಗೆ ಹೋದರೆ ತವರಲ್ಲೂ ಅದೇ ಮಾತು, ದುರ್ಗದ ನೀರು ಹಿಡೀತು ಕಣೇ ನಿನಗೆ, ಅವಳು ಕನ್ನಡಿ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲತೊಡಗಿದಳು, ಅವನಿಗೆ ಅದು ಹಿಡಿಸಲಿಲ್ಲ, ಕೆಂಚಣ್ಣನ ಸ್ಟುಡಿಯೋ ಮನೆಯೊಳಕ್ಕೇ ಬಂದ ಹಾಗೆ ಅನ್ನಿಸಿತು, ಬೆಳ್ಳಗಾಗೋದೇನ್ ಬಹುಮಾನನೇ, ಅಂದಿದ್ದ. ಒಂದು ಮಧ್ಯಾಹ್ನ, ಹೊಸ ಕ್ಯಾಮೆರಾ, ಐರಿಸ್ ಇನ್ನೂ ಮುಟ್ಟಿರಲಿಲ್ಲ, ಅವಳಿಗೆ ಕಾಣಲೆಂದು ಮಾನಿಟರನ್ನು ಸ್ಟೂಲಿನ ಕಡೆ ತಿರುಗಿಸಿದ್ದ, ಕಾರ್ಡು ಹಸಿರಾಗಿಯೇ ಇತ್ತು, ಕೆನ್ನೆಯ ಮೂಳೆಯ ಮೇಲೆ ಒಂದು ಚುಕ್ಕೆ, ಸಾಸಿವೆಯಷ್ಟು, ಅಲ್ಲ, ಹುಣಸೆ ಬೀಜದಷ್ಟು, ಗುಲಾಬಿ, ಅವಳು ಸ್ಟೂಲಿನಿಂದ ಅರ್ಧ ಎದ್ದಳು, ರೀ ಬಂತು, ಬಂತು ನೋಡ್ರಿ, ಗುಲಾಬಿ ಬಂತು, ನಾನೂ ಹೀರೋಯಿನ್ನು, ಆಗಲೇ ಫೋನು ತೆಗೆದು ಅಮ್ಮನಿಗೆ ಹೇಳಿದಳು, ಅವ್ವಾ ಇವರ ಮಿಷಿನ್ನಾಗೂ ನಾನು ಬೆಳ್ಳಗೆ ಬಂದೆ, ಓಬವ್ವನ ಮಾತು ಇಲ್ಲಿಯವರೆಗೂ ಕೇಳಿತು, ದೃಷ್ಟಿ ತಕ್ಕಳೇ ಮಗಳೇ, ಮೂರು ಸಂಜಿಗೆ ಉಪ್ಪು ಮೆಣಸಿನಕಾಯಿ ಇಳಿ ತಗಿ. ಅವನು ಐರಿಸ್ ಮೇಲೆ ಬೆರಳಿಟ್ಟ. ಇರ್ಲಿ ಬಿಡ್ರಿ ಸೊಲ್ಪ ಹೊತ್ತು, ಅಂದಳು. ನಿನ್ನ ಬಣ್ಣಕ್ಕೆ ತರ್ತೀನಿ ತಡಿ, ಅಂದ, ನಗುತ್ತಲೇ ಅಂದ, ಅವನಿಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು, ತಿರುಗಿಸಿದ, ಒಂದು ಚೂರು, ಇನ್ನೊಂದು ಚೂರು, ಗುಲಾಬಿ ಕರಗಿತು, ಬೂದಾಯಿತು, ಹಸಿರಾಯಿತು, ಕೆನ್ನೆ ಹಸಿರಾದಾಗ ಕಾರ್ಡು ಹಸಿರಿಗಿಂತ ಕೆಳಗೆ ಜಾರಿತ್ತು, ಕಪ್ಪಗೆ. ಮುಖ ಸರಿ, ಕಾರ್ಡು ಸರಿಯಿಲ್ಲ. ಈ ಕಾರ್ಡು ಕಪ್ಪಾಗೈತೆ ಕಣೇ, ಕಾರಿನ ಬಿಸ್ಲಿಗೆ ಬೆಂದೈತೆ, ಇಲ್ಲ ನಿನ್ ಒಗ್ಗರಣೆ ಹೊಗೆ. ನಾನೇನ್ ಮಾಡಿದೀನ್ರಿ, ಅರಿಶಿನ ಕೈ ಸೈತ ತಾಗ್ಸಿಲ್ಲ, ಅಂದು, ಹಾ ಎಂದು ಕಾರ್ಡಿನ ಮೇಲೆ ಉಸಿರು ಬಿಟ್ಟು, ಟವಲಿನ ತುದಿಯಿಂದ ಒರೆಸಿದಳು, ಮತ್ತೆ ಗಲ್ಲದ ಕೆಳಗಿಟ್ಟುಕೊಂಡಳು, ಹೋತಾ ನೋಡ್ರಿ, ಇಲ್ಲ. ಮುಂದಿನ ಸಲ ಇನ್ನೂ ಕಪ್ಪು. ಅದರ ಮುಂದಿನ ಸಲ ಇನ್ನೂ. ಹೊಸ ಕಾರ್ಡು ತರಿಸಬೇಕು, ಅಂದುಕೊಂಡ, ತರಿಸಿದ, ಅದು ಬರುವ ಹೊತ್ತಿಗೆ —

ಅದು ಬರುವ ಹೊತ್ತಿಗೆ ಅವಳು ಸಿಂಕಿನ ಮುಂದೆ ಬಿದ್ದು, ದುರ್ಗದ ಆಸ್ಪತ್ರೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆ, ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಒಳಗೆ ಕೆಂಪೇ ಇಲ್ಲ, ಒಣಹಾಕಿದ ಕೊಬ್ಬರಿಯ ಹಾಗೆ, ಇವನ ಕಡೆ ತಿರುಗಿ ಸಿಟ್ಟಿನಿಂದಲ್ಲ, ನಿಜವಾಗಿ ಗೊತ್ತಾಗದೆ ಕೇಳಿದಳು, ಮೈಯಲ್ಲಿ ರಕ್ತವೇ ಇಲ್ಲವಲ್ರಿ, ಇದು ಒಂದು ದಿನದಲ್ಲಿ ಆಗೋದಲ್ಲ, ತಿಂಗಳುಗಟ್ಟಲೆ ಆಗಿರೋದು, ಮನೇಲಿ ಯಾರೂ ಇವರ ಮುಖ ನೋಡ್ತಿರ್ಲಿಲ್ವೇನ್ರಿ. ಬಾಟಲಿಯಿಂದ ರಕ್ತ ಇಳಿಯುತ್ತಿತ್ತು, ಹೃದಯ ಆಗಲೇ ಸೋತಿತ್ತು, ಅವಳು ಇವನ ಮುಂಗೈ ಹಿಡಿದು ಮಾಸ್ಕಿನೊಳಗಿಂದ ಏನೋ ಅಂದಳು, ಬಾಗಿ ಕೇಳಿದ, ಊಟ ಮಾಡಿದ್ರಾ. ಹೊಳಲ್ಕೆರೆಯಲ್ಲಿ ಮಣ್ಣು ಮಾಡಿ ಬಂದ ಸಂಜೆ ಜಗಲಿಯ ಮೇಲೆ ಇಬ್ಬರೇ, ಅವನೂ ಓಬವ್ವನೂ, ಅವನು ಅಂದ, ನಾನು ನೋಡ್ಲಿಲ್ಲತ್ತೆ, ಮನ್ಯಾಗೇ ಇದ್ದು ನೋಡ್ಲಿಲ್ಲ, ಮಂಡಿ ಕಡೆಯಿಂದ ಅಡಿಕೆ ಚೀಲ ಹೇರಿದ ಲಾರಿಯೊಂದು ಹೋಯಿತು, ಅದು ಹೋದ ಮೇಲೆ ಓಬವ್ವ ಹೇಳಿದಳು, ದಿನಾ ನೋಡೋರಿಗೆ ಗೊತ್ತಾಗಲ್ಲಪ್ಪ, ಮಕ್ಳು ಬೆಳೆಯೋದು ತಾಯಿಗೆ ಕಾಣುತ್ತೇನು, ಹಂಗೇ ಇದು, ಒಂದೊಂದೇ ಎಳೆ ಜಾರಿದ್ದು ಕಣ್ಣಿಗೆ ಬೀಳಲ್ಲ, ನೀನಾದ್ರೂ ಏನ್ ಮಾಡ್ತೀಯ. ಆ ಮಾತನ್ನು ಅವನು ಹಿಡಿದುಕೊಂಡ. ನೀರಲ್ಲಿ ಬಿದ್ದವನು ಯಾವುದನ್ನು ಹಿಡಿಯುತ್ತಾನೋ ಹಾಗೆ, ಕಣ್ಣಿಗೆ ಬೀಳಲ್ಲ, ಕಣ್ಣಿಗೆ ಬೀಳಲ್ಲ, ರಾತ್ರಿ ಮಗ್ಗುಲು ಬದಲಿಸುವಾಗ, ಬಸ್ಸಿನ ಕಿಟಕಿಗೆ ತಲೆ ಒರಗಿಸಿದಾಗ, ಕಣ್ಣಿನ ಗುಣವೇ ಅದು, ಅವನಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು, ಕಣ್ಣು ಹೊಂದಿಕೊಂಡುಬಿಡುತ್ತದೆ, ಕತ್ತಲಿಗೂ ಹೊಂದಿಕೊಳ್ಳುತ್ತದೆ ಬೆಳಕಿಗೂ ಹೊಂದಿಕೊಳ್ಳುತ್ತದೆ, ಕಣ್ಣನ್ನು ನಂಬಬಾರದು ಎಂದೇ ಅಲ್ಲವೇ ಈ ಮಾನಿಟರು, ಈ ಹಸಿರು, ಈ ಗುಲಾಬಿ. ವರ್ಷದಿಂದ ಸಿನಿಮಾ ಒಪ್ಪಲಿಲ್ಲ, ಸ್ಟೂಲಿನ ಮೇಲೆ ಯಾರನ್ನು ಕೂರಿಸಲಿ, ಪರಮೇಶನೇ ಮನೆಗೆ ಬಂದು ಬಾಗಿಲಲ್ಲಿ ಕೂತ, ನೀನು ಬರದಿದ್ರೆ ನಾನು ಕೆಂಚಣ್ಣನ್ನ ಕರೀತೀನಿ ನೋಡು, ನನ್ ಹೀರೋಯಿನ್ನ ಸುಣ್ಣದ ಗೊಂಬೆ ಮಾಡ್ತಾನೆ, ಆ ಪಾಪ ನಿನಗೇ, ಅವನು ನಕ್ಕ, ವರ್ಷದಲ್ಲಿ ಮೊದಲ ಸಲ, ಬೀರುವಿನ ಮೇಲಿನಿಂದ ಒಡೆಯದ ಪಾರ್ಸೆಲ್ ಇಳಿಸಿದ, ಹೊಸ ಕಾರ್ಡು, ಧೂಳು ಕೊಡವಿ ಬ್ಯಾಗಿಗೆ ಹಾಕಿಕೊಂಡ.

ಬ್ಯಾಗಲ್ಲಿ ಕಾರ್ಡೈತೆ, ಹಿಡಿಯಮ್ಮ, ಅಂದಿದ್ದ, ಸರ್ ಇದಾ ಸರ್, ಪಲ್ಲವಿ ಸ್ಟೂಲಿನ ಪಕ್ಕದ ಬ್ಯಾಗಿಗೆ ಕೈ ಹಾಕಿ ತೆಗೆದಿದ್ದಾಳೆ, ಗಲ್ಲದ ಕೆಳಗೆ ಹಿಡಿದಿದ್ದಾಳೆ, ಹಳೆಯ ಕಾರ್ಡು, ಮೂಲೆ ಮಡಿಸಿದ್ದು, ಅದು ಇನ್ನೂ ಬ್ಯಾಗಿನಲ್ಲೇ ಇತ್ತೇ, ಅಲ್ಲಮ್ಮ ಅದು ಬೇಡ, ಅದು ಕಪ್ಪಾಗೈತೆ, ಕವರ್‌ನಾಗೆ ಹೊಸದೈತೆ ನೋಡು, ಅವಳು ಹಳೆಯದನ್ನು ಕೆಳಗಿಡದೆಯೇ ಇನ್ನೊಂದು ಕೈಯಿಂದ ಕವರು ಬಿಚ್ಚಿ, ಹಲ್ಲಿನಿಂದ ಪ್ಲಾಸ್ಟಿಕ್ಕು ಹರಿದು, ಹೊಸದನ್ನೂ ಎತ್ತಿ ಹಿಡಿದಳು, ಎರಡೂ ಅಕ್ಕಪಕ್ಕ, ಯಾವುದು ಸರ್. ಬಟ್ಟೆಯೊಳಗೆ ಅವನು ಐರಿಸ್ ತಿರುಗಿಸುತ್ತಿದ್ದ. ಹೊಸ ಕಾರ್ಡು ಹಸಿರಾಯಿತು. ಹಳೆಯ ಕಾರ್ಡು ಹಸಿರಾಯಿತು. ಎರಡೂ ಒಂದೇ ಸಲ, ಒಂದೇ ಹಸಿರು, ನಡುವೆ ಅವಳ ಹೆಬ್ಬೆರಳು ಇಲ್ಲದಿದ್ದರೆ ಒಂದೇ ಕಾರ್ಡು ಅನ್ನಬೇಕು. ಇಲ್ಲ, ಹಳೆಯದರ ಮೇಲೆ ಅಂಗಳದ ಬೆಳಕು ಬೀಳುತ್ತಿದೆ, ಕೈ ಬದಲಾಯಿಸಮ್ಮ, ಅದನ್ನ ಈ ಕಡೆ ತಗ, ಅವಳು ಬದಲಾಯಿಸಿದಳು, ಹಸಿರು, ಹಸಿರು. ಒಂದರ ಪಕ್ಕ ಒಂದು ಜೋಡಿಸಿ ಹಿಡಿ, ಅವಳು ಜೋಡಿಸಿದಳು, ಹಸಿರು. ಅವನು ಒಂದು ಚೂರು ಮುಚ್ಚಿದ, ಎರಡೂ ಒಟ್ಟಿಗೆ ಇಳಿದವು, ತೆರೆದ, ಎರಡೂ ಒಟ್ಟಿಗೆ ಏರಿದವು, ಜೋಡೆತ್ತಿನ ಹಾಗೆ. ಬಟ್ಟೆ ಸರಿಸಿ ಹೊರಬಂದು ಹಳೆಯ ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದ, ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಉಜ್ಜಿದ, ಬೆರಳಿಗೆ ಏನೂ ಬರಲಿಲ್ಲ. ಹೊಗೆಯಿಲ್ಲ, ಅರಿಶಿನವಿಲ್ಲ, ಬಿಸಿಲಿಗೆ ಬೆಂದಿಲ್ಲ. ಏನಾತೋ ಕನಕಣ್ಣ, ಪರಮೇಶ ಹತ್ತಿರ ಬಂದ, ಏನಿಲ್ಲ, ಕಾರ್ಡು ಸರಿಯಾಗೈತೆ. ಸರಿಯಾಗಿದ್ರೆ ಒಳ್ಳೇದಲ್ಲೇನೋ ಮಾರಾಯ, ಅದಕ್ಯಾಕೆ ಹಿಂಗೆ ನಿಂತಿದೀಯ, ಬಿಸ್ಲು ನೋಡಲ್ಲಿ, ಕಂಬದ ಹತ್ರ ಬಂತು, ರೆಡಿ ಅನ್ನು, ಹೊಡೆದುಬಿಡಾಣ. ಬಂದೆ. ಮತ್ತೆ ಬಟ್ಟೆಯೊಳಕ್ಕೆ ಹೋದ, ಹೋಗಲು ಇನ್ನೆಲ್ಲಿ ಜಾಗವಿತ್ತು.

ಹಾಗಾದರೆ ಕಾರ್ಡು ಜಾರಿರಲಿಲ್ಲ, ಕಾರ್ಡು ಎಂದೂ ಜಾರಿರಲಿಲ್ಲ, ಅದು ಇದ್ದಲ್ಲೇ ಇತ್ತು, ಏರುತ್ತಿದ್ದದ್ದು ಕೆನ್ನೆ, ತಿಂಗಳಿಂದ ತಿಂಗಳಿಗೆ ರಕ್ತ ಇಳಿದ ಹಾಗೆಲ್ಲ ಏರುತ್ತಿದ್ದದ್ದು, ಅವನೇ ಪ್ರತಿ ಸಲ ಬೆರಳಿಟ್ಟು ಅದನ್ನು ಹಸಿರಿಗೆ ಇಳಿಸಿ, ಇಳಿಸಿದ ಮೇಲೆ ಕಾರ್ಡಿನ ಕಡೆ ನೋಡಿ, ಮುಖ ಬದಲಾಗುವುದುಂಟೇ ಎಂದು, ಮುಖವನ್ನು ನಂಬಿ ಕಾರ್ಡನ್ನು ಬಿಟ್ಟು — ಕಣ್ಣಿಗೆ ಬೀಳಲ್ಲ ಎಂದಳಲ್ಲ ಓಬವ್ವ, ಬಿತ್ತು ಅತ್ತೆ, ಬಿದ್ದಿತ್ತು, ಕಣ್ಣಿಗಲ್ಲ, ಕಣ್ಣಿಗಿಂತ ದೊಡ್ಡದಕ್ಕೆ ಬಿತ್ತು, ಅಂಗೈಯಷ್ಟು ಪರದೆಯ ಮೇಲೆ ಬಣ್ಣ ಹಚ್ಚಿ ತೋರಿಸಿತ್ತು, ಇಂದಿಗೆ ಇಷ್ಟು, ಈ ಸಲಕ್ಕೆ ಇಷ್ಟು, ಡಾಕ್ಟರಮ್ಮನಿಗೆ ರೆಪ್ಪೆ ಎಳೆಯಬೇಕಾಯಿತು, ನನಗೆ ಎಳೆಯಬೇಕಾಗಿರಲಿಲ್ಲ, ಇದನ್ನು ಓಬವ್ವನಿಗೆ ಹೇಳುವುದು ಹೇಗೆ, ಹೇಳಿದರೆ ಅವಳಿಗೂ ನೆನಪಾಗುತ್ತದೆ, ಫೋನಿನಲ್ಲಿ ಕೇಳಿ ಹಿಗ್ಗಿದ್ದು, ಉಪ್ಪು ಮೆಣಸಿನಕಾಯಿ ಇಳಿ ತೆಗೆಯಲು ಹೇಳಿದ್ದು, ಹೊಳಲ್ಕೆರೆಯಲ್ಲಿ ಕೂತು ಆ ಮುದುಕಿ ತನ್ನ ಬಾಯನ್ನು ತಾನೇ ಹೊಡೆದುಕೊಳ್ಳುತ್ತಾಳೆ, ಬೇಡ, ಆ ಮಾತು ಅವಳ ಹತ್ತಿರವೇ ಇರಲಿ, ದಿನಾ ನೋಡೋರಿಗೆ ಗೊತ್ತಾಗಲ್ಲ, ಅದು ಅವಳಿಗೂ ಬೇಕು, ಇನ್ನು ಅವನಿಗೆ ಆ ಮಾತಿಲ್ಲ, ಮುಂದಿನ ಹಬ್ಬಕ್ಕೆ ಹೋದಾಗ ಅವಳು ಮತ್ತೆ ಅದನ್ನೇ ಅನ್ನುತ್ತಾಳೆ, ಅವನು ಹೂಂ ಅನ್ನಬೇಕು, ಹೂಂ ಅನ್ನುತ್ತಲೇ ಇರಬೇಕು. ನಿನ್ನ ಬಣ್ಣಕ್ಕೆ ತರ್ತೀನಿ ತಡಿ. ಕೆಂಚಣ್ಣನಾಗಿದ್ದರೆ ಮುಟ್ಟುತ್ತಿರಲಿಲ್ಲ, ಗುಲಾಬಿ ಬಂತಾ ಬಿಡ್ಲೇ ಅನ್ನುತ್ತಿದ್ದ, ಗುಲಾಬಿ ಹಾಗೇ ಹರಡುತ್ತ ಹೋಗಿದ್ದರೆ, ಹಣೆಗೆ, ಮೂಗಿಗೆ, ಒಂದು ದಿನ ಮುಖವೆಲ್ಲ, ಆಗಲಾದರೂ ತಾನು ಹೆದರುತ್ತಿದ್ದನೋ ಏನೋ, ಇರ್ಲಿ ಬಿಡ್ರಿ ಸೊಲ್ಪ ಹೊತ್ತು ಅಂದಳಲ್ಲ, ಸೊಲ್ಪ ಹೊತ್ತು ಬಿಟ್ಟಿದ್ದರೆ, ಅದೊಂದೇ ಅವಳು ಕೇಳಿದ್ದು. ಕನಕಣ್ಣ ರೆಡೀನಾ. ಸರ್ ನಾನು ರೆಡಿ ಸರ್. ಹುಡುಗಿಯ ಕೆನ್ನೆ ಹಸಿರಿನಲ್ಲಿದೆ, ಅಂಗಳ ಹಳದಿಯಲ್ಲಿದೆ, ಎಲ್ಲ ಸರಿಯಾಗಿದೆ, ಬಾಯಿ ತೆರೆದು ರೆಡಿ ಅನ್ನಬೇಕು ಅಷ್ಟೇ, ಏಕನಾಥಮ್ಮ ಯಾರಿಗೋ ಹೇಳುತ್ತಿದ್ದಾಳೆ, ಸುಮ್ಕಿರ್ರಿ, ತಗೀತಾರಂತೆ, ಹುಡುಗಿ ಕಾರ್ಡನ್ನು ಮುಖದ ಮುಂದಿನಿಂದ ಇನ್ನೂ ತೆಗೆದಿಲ್ಲ, ತೆಗಿ ಅನ್ನಬೇಕು, ಅನ್ನಲು ಆಗುವುದಿಲ್ಲ, ಕರಿ ಕಂಬಳಿಯ ಮುಂದೆ, ಸ್ಟೂಲಿನ ಮೇಲೆ ಯಮುನಾ, ನೈಟಿಯ ಹೆಗಲಿನಿಂದ ಟವಲು ಎಳೆದುಕೊಂಡು, ಹಾ ಎಂದು ಉಸಿರು ಬಿಡುತ್ತಾಳೆ, ಉಸಿರು ಸಾಲದೆ ಒಮ್ಮೆ ನಿಂತು ಮತ್ತೆ ಬಿಡುತ್ತಾಳೆ, ತುದಿಯಿಂದ ಒರೆಸುತ್ತಾಳೆ, ಮೂಲೆಯಿಂದ ಮೂಲೆಗೆ, ಹೋತಾ ನೋಡ್ರಿ, ಇಲ್ಲ, ಮತ್ತೆ ಒರೆಸುತ್ತಾಳೆ, ಮೊಣಕೈ ಆಡುತ್ತದೆ, ಉಗುರು ಕೊಬ್ಬರಿಯಷ್ಟು ಬೆಳ್ಳಗೆ, ಹೋತಾ, ಇಲ್ಲ, ಏನೂ ಅಂಟಿಲ್ಲದ ಕಾರ್ಡನ್ನು ತೊಡೆಯ ಮೇಲಿಟ್ಟು ಒತ್ತಿ ಒತ್ತಿ ಒರೆಸುತ್ತಾಳೆ, ಎತ್ತಿ ಮುಖದ ಪಕ್ಕ ಹಿಡಿಯುತ್ತಾಳೆ, ಈಗ ನೋಡ್ರಿ —